ಕಂಬಿಗಿಟ್ಟ ಮೂರು ಬೊಟ್ಟು

ಅಗ್ರಹಾರ, ಮೈಸೂರು
೯ ಜೂನ್ ೨೦೨೪

ನನ್ನ ಮುಂಗೋಪಿ ಮಗ ಮೋಹನನಿಗೆ ಅಮ್ಮನ ಆಶೀರ್ವಾದ.

ಕಲಬುರಗಿಯ ಬಿಸಿಲು ಇಳಿಯಿತೇ? ವರ್ಗವಾಗಿ ಹೋದಾಗಿನಿಂದ ನಿನಗೆ ಹೋಟೆಲ್ ಊಟವೇ ಗತಿಯಂತೆ. ಹೊಟ್ಟೆ ಹೇಗಿದೆ, ಮಜ್ಜಿಗೆ ಕುಡಿಯುತ್ತೀಯೋ ಇಲ್ಲವೋ ತಿಳಿಸು. ನನ್ನ ಮಂಡಿನೋವು ಸಿಂಗಪುರಕ್ಕೆ ಹೋಗಿಬಂದದ್ದರಿಂದ ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಫೋನಿರುವಾಗ ಕಾಗದವೇಕೆ ಎನ್ನಬೇಡ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕಲಾರೆ.

"ನಮ್ಮ ಮರ್ಯಾದೆ ತೆಗೆದ್ಬುಟ್ಟೆ ಕಣಮ್ಮ. ಇನ್ಮೇಲೆ ಎಲ್ಲಿಗೂ ಹೋಗ್ಬೇಡ, ಪಾಸ್‌ಪೋರ್ಟ್ ನಂಗೆ ಕಳ್ಸು" ಎಂದೆಯಲ್ಲ, ಆ ಮಾತಿನಿಂದ ನನಗೆ ನೋವಾಯಿತು. ನೀನು ನೋಡಿದ್ದು ಯಾರೋ ತೆಗೆದ ಅರ್ಧ ನಿಮಿಷದ ವಿಡಿಯೊ. ಪೂರ್ತಿ ನಡೆದದ್ದನ್ನು ನಾನು ಹೇಳುತ್ತೇನೆ.

ನಿನ್ನ ತಂಗಿ ಸುಷ್ಮಾ, ಅಳಿಯ ರವಿಚಂದ್ರ, ಮೊಮ್ಮಗಳು ವರ್ಷಿಣಿ, ನಾನು, ನಾಲ್ವರೂ ಸಿಂಗಪುರದ ಥೀಮ್ ಪಾರ್ಕಿಗೆ ಹೋಗಿದ್ದೆವು. ಆಕಾಶಕ್ಕೆ ಏರಿ ದಬಕ್ಕನೆ ಕೆಳಗಿಳಿಯುವ ರೈಲುಗಾಡಿ ಹತ್ತಲು ವರ್ಷಿಣಿಗೆ ಆಸೆ, ಹತ್ತಿ ಕೂತ ಮೇಲೆ ಭಯ. ಮಗುವಿನ ಕೈ ತಣ್ಣಗಾಗಿತ್ತು. ನಿನ್ನ ಅಪ್ಪ ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದರು, ಗಾಡಿಗೆ ಬೊಟ್ಟಿಡದೆ ಒಂದು ದಿನವೂ ಹೊರಡಿಸಿದವರಲ್ಲ. ಪಾರ್ಕಿನವರು ನನ್ನ ಪರ್ಸನ್ನು ಹೊರಗಿಡಿಸಿಕೊಂಡಿದ್ದರೂ ಬೆಟ್ಟದ ಕುಂಕುಮದ ಪೊಟ್ಟಣ ನನ್ನ ಸೊಂಟದಲ್ಲಿತ್ತು. ಬೆವರಿದ ಅಂಗೈಯಲ್ಲೇ ಕಲಸಿ ನಮ್ಮ ಮುಂದಿನ ಕಂಬಿಗೆ ಮೂರು ಬೊಟ್ಟಿಟ್ಟೆ.

ಅಲ್ಲಿನ ಕೆಲಸದಾಕೆ ನನ್ನ ಕೆಂಪು ಕೈ ನೋಡಿ ರಕ್ತವೆಂದುಕೊಂಡು ಗಾಡಿ ನಿಲ್ಲಿಸಿದಳು. ಇಬ್ಬರು ಔಷಧಿ ಪೆಟ್ಟಿಗೆ ಹಿಡಿದು ಓಡಿಬಂದರು. ಇಲ್ಲದ ಗಾಯಕ್ಕೆ ಒಬ್ಬ ಬ್ಯಾಂಡೇಜನ್ನೂ ಬಿಚ್ಚಿದ್ದ. ಸಾಲಿನಲ್ಲಿದ್ದವರೆಲ್ಲ ಇಪ್ಪತ್ತು ನಿಮಿಷ ಕಾದರು. ಅಳಿಯಂದಿರು ನಾವು ಯಾರೋ ಎನ್ನುವ ಹಾಗೆ ಬೇರೆ ಕಡೆ ನೋಡುತ್ತಿದ್ದರು, ಪಾಪ. ತಪ್ಪು ನನ್ನದೇ. ಕ್ಷಮೆ ಕೇಳಿ ಸೆರಗಿನಿಂದ ಕಂಬಿ ಒರೆಸಿದೆ. ಭಯವಾದರೆ ಇಳಿಯಬಹುದು ಎಂದರು. ನಾನು ಇಳಿಯಲಿಲ್ಲ.

ವಿಧವೆ ಕುಂಕುಮ ಮುಟ್ಟಿದಳೆಂದು ಕಡಕೊಳದ ನಿನ್ನ ಸೋದರತ್ತೆ ತಿಮ್ಮಮ್ಮ ಮುಖ ತಿರುಗಿಸಿದ್ದಾರಂತೆ. ತಿರುಗಿಸಲಿ, ಕುತ್ತಿಗೆ ಅವರದು.

ಗಾಡಿ ಮೇಲೇರಿದಾಗ ದೂರದಲ್ಲಿ ಸಮುದ್ರ ಕಂಡಿತು. ಆಮೇಲೆ ಏನೂ ಕಾಣಲಿಲ್ಲ, ನಾನು ಬಾಯಿಬಿಟ್ಟು ಕೂಗುತ್ತಿದ್ದೆ. ನಿನ್ನ ಅಪ್ಪ ಹೋದಾಗ ನಿಮಗೆಲ್ಲ ಧೈರ್ಯ ಹೇಳುವುದರಲ್ಲೇ ಹದಿಮೂರು ದಿನ ಕಳೆಯಿತು. ಆಮೇಲಿನ ಮೂರು ವರ್ಷ ಅಕ್ಕಪಕ್ಕದ ಮನೆಗೆ ಕೇಳುತ್ತದೆಂದು ಜೋರಾಗಿ ಅಳಲೇ ಇಲ್ಲ. ಅಲ್ಲಿ ಅವರ ಹೆಸರು ಹಿಡಿದು ಕೂಗಿ ಅತ್ತುಬಿಟ್ಟೆ. ಸುತ್ತ ಎಲ್ಲರೂ ಕಿರುಚುತ್ತಿದ್ದರು, ಸುಮ್ಮನಿರಮ್ಮ ಎನ್ನುವವರು ಯಾರೂ ಇರಲಿಲ್ಲ. ಇಳಿದ ಮೇಲೆ ಎದೆ ಹಗುರಾಗಿತ್ತು. ವರ್ಷಿಣಿ ನನ್ನ ಕೈ ಬಿಟ್ಟಿರಲಿಲ್ಲ. ಇದರಲ್ಲಿ ಯಾರ ಮರ್ಯಾದೆ ಹೋಯಿತೋ ನನಗೆ ತಿಳಿಯದು.

ಹೊತ್ತಿಗೆ ಸರಿಯಾಗಿ ಉಣ್ಣು. ಬೆಟ್ಟದ ತಾಯಿ ನಿನ್ನನ್ನು ಚೆನ್ನಾಗಿಟ್ಟಿರಲಿ, ಕೋಪವನ್ನು ಒಂದಿಷ್ಟು ಇಳಿಸಲಿ.

ನಿನ್ನ ಅಮ್ಮ,
ದೇವಿರಮ್ಮ

ಮರೆತಿದ್ದೆ: ಈ ಕಾಗದದ ಜೊತೆ ಬಂದ ಪೊಟ್ಟಣದಲ್ಲಿರುವುದು ಚಟ್ನಿಪುಡಿ. ಪಾಸ್‌ಪೋರ್ಟ್ ನನ್ನ ಬೀರುವಿನಲ್ಲಿದೆ, ಅಲ್ಲೇ ಇರುತ್ತದೆ. ದಸರಾ ರಜೆಗೆ ಮತ್ತೆ ಹೋಗುತ್ತಿದ್ದೇವೆ. ನಿನ್ನ ಪಾಸ್‌ಪೋರ್ಟನ್ನು ನನಗೆ ಕಳಿಸು, ಆ ಗಾಡಿಯಲ್ಲಿ ಈ ಸಲ ನನ್ನ ಪಕ್ಕ ನೀನು ಕೂರಬೇಕು. ಅಪ್ಪ ಹೋದಾಗ ನೀನೂ ಅಳಲಿಲ್ಲ, ನಾನು ನೋಡಿದ್ದೇನೆ.