ಅಯ್ಯಪ್ಪ ಕಟೆದ ತಿರುವು

ಕುಷ್ಟಗಿ
9 ಜನವರಿ 2025

ಪ್ರೀತಿಯ ಪಂಪಣ್ಣ,

ನಿನ್ನ ತಂಗಿಯ ನಮಸ್ಕಾರ. ಸೊಂಟನೋವು ಹೇಗಿದೆ? ನಾಲ್ಕು ದಿನ ಗದ್ದೆಗೆ ಇಳಿಯಬೇಡ ಎಂದರೆ ನನ್ನ ಮಾತು ಕೇಳುವವನಲ್ಲ ನೀನು. ಅತ್ತಿಗೆ ಗದರಿದರೆ ಕೇಳಬಹುದು. ನಾನು ಆರಾಮ. ಇದನ್ನು ಫೋನಿಗೆ ಹೇಳಿ ಬರೆಸುತ್ತಿದ್ದೇನೆ, ತಪ್ಪುಗಳಿದ್ದರೆ ಅದರ ತಲೆಗೆ ಕಟ್ಟು.

ನಾನು ದಾರಿ ತಪ್ಪಿ ಹೆದ್ದಾರಿಗೆ ಹೋಗಿ ನಿಂತದ್ದು ಕೇಳಿ ಮೊನ್ನೆ ಫೋನಿನಲ್ಲಿ ನೀನು, "ಕಣ್ಣು ಕಾಣದಾಕಿ ಒಬ್ಬಾಕೀನ ಇರೂದು ಸಾಕು. ರವಿವಾರ ಬಂದು ಸಿದ್ದಾಪುರಕ್ಕ ಕರ್ಕೊಂಡು ಹೋಗ್ತೀನಿ" ಎಂದೆ. ನನಗೆ ಸಿಟ್ಟು ಬಂತು. ಬಸ್‌ಸ್ಟ್ಯಾಂಡಿನ ಪಕ್ಕದ ಕಚೇರಿಗೆ ಹನ್ನೊಂದು ವರ್ಷದಿಂದ ಕೋಲು ಹಿಡಿದು ಒಬ್ಬಳೇ ಹೋಗಿಬರುತ್ತಿದ್ದೇನೆ. ಆ ನೌಕರಿ ಬಿಟ್ಟು ನಿಮ್ಮ ಪಡಸಾಲೆಯಲ್ಲಿ ಕುಳಿತು ಏನು ಮಾಡಲಿ? ಆದರೂ ಅಂದು ಲಾರಿಗಳ ಸದ್ದಿನಲ್ಲಿ ಯಾವ ಕಡೆ ತಿರುಗಬೇಕೆಂದು ತಿಳಿಯದೆ ಹೆದರಿದ್ದು ನಿಜ.

ಆದದ್ದಿಷ್ಟು. ಓಣಿಗೆ ಸಿಮೆಂಟ್ ರಸ್ತೆ ಬಂತು. ತಿರುವಿನಲ್ಲಿದ್ದ ಒರಟು ಹಾಸುಗಲ್ಲು ಅದರಡಿ ಹೋಯಿತು. ಇನ್ನು ನಾನು ಎಲ್ಲೂ ಎಡವಬಾರದೆಂದು ಓಣಿಯ ಮುದಕಮ್ಮ ತನ್ನ ಬಾಗಿಲ ಪಕ್ಕದ ಒರಳನ್ನು ಹಿತ್ತಲಿಗೆ ಉರುಳಿಸಿದಳು. ದರ್ಜಿ ಉಮರಸಾಬರು ಕಟ್ಟೆ ಮೇಲಿನ ಮಷೀನನ್ನು ಒಳಗೆ ಇಟ್ಟರು. ಪಾಪ, ನನ್ನ ಒಳ್ಳೆಯದಕ್ಕೇ. ಆದರೆ ಕೋಲಿಗೆ ಒರಳು ತಾಗಿದರೆ ಅರ್ಧ ದಾರಿ, ಮಷೀನಿನ ಸದ್ದು ಕೇಳಿದರೆ ಇನ್ನು ಹತ್ತು ಹೆಜ್ಜೆ, ಕಾಲಡಿ ಕಲ್ಲು ಸಿಕ್ಕರೆ ಬಲಕ್ಕೆ ಎಂಬುದು ಅವರಿಗೇನು ಗೊತ್ತು? ನಾನೂ ಎಂದೂ ಹೇಳಿರಲಿಲ್ಲ.

ಮರುದಿನ ಉಮರಸಾಬರ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿ ಹೇಳಿದೆ. ಮುದಕಮ್ಮ ಅತ್ತೇಬಿಟ್ಟಳು: "ನಿನ್ನ ಹಾದಿ ನಾವ ಅಳಿಸಿಬಿಟ್ವಲ್ಲ ಯವ್ವಾ!" ಅಂದೇ ಒರಳು ಮೊದಲಿನ ಜಾಗಕ್ಕೆ ಬಂತು. "ಮಷೀನ್ ಹೊರಗ ತರ್ತೀನ್ರಿ ಬಾಯಾರ" ಎಂದರು ಉಮರಸಾಬರು. ಅಡ್ಡಾದಿಡ್ಡಿ ನಿಲ್ಲುತ್ತಿದ್ದ ಬೈಕುಗಳೆಲ್ಲ ಒಂದು ಬದಿಗೆ ಸರಿದವು. ಬೀಸುಕಲ್ಲು ಕಟೆಯುವ ಅಯ್ಯಪ್ಪ ಉಳಿ ತಂದು, ತಿರುವಿನಲ್ಲಿ ಒಂದು ಮಾರು ಸಿಮೆಂಟನ್ನು ಬೀಸುಕಲ್ಲಿನಂತೆಯೇ ತರಿತರಿಯಾಗಿ ಕಟೆದ. ಚಪ್ಪಲಿ ಮೆಟ್ಟಿದ್ದರೂ ಅಂಗಾಲಿಗೆ ತಿಳಿಯುತ್ತದೆ, ಅಣ್ಣಾ. ವಾರವಿಡೀ ಯಾರ ಕೈಯನ್ನೂ ಹಿಡಿಯದೆ ಕಚೇರಿಗೆ ಹೋಗಿಬಂದಿದ್ದೇನೆ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಮಕ್ಕಳಿಗೆ ನನ್ನ ಮುದ್ದು.

ನಿನ್ನ ಹಟಮಾರಿ ತಂಗಿ,
ಭವಾನಿ

ತಾ.ಕ.: ರವಿವಾರ ಖಂಡಿತ ಬಾ, ಆದರೆ ಉಣ್ಣಲಿಕ್ಕೆ ಬಾ. ಬಸ್ಸಿಳಿದು ಅಲ್ಲೇ ನಿಂತಿರು. ಹೊಸ ರಸ್ತೆಯಾದ ಮೇಲೆ ನಿನಗೆ ನಮ್ಮ ಓಣಿಯ ಗುರುತು ಹತ್ತಲಿಕ್ಕಿಲ್ಲ. ನಾನೇ ಬಂದು ಕರೆದುಕೊಂಡು ಬರುತ್ತೇನೆ.