ಎರಡು ಗಾಜಿನ ಭರಣಿ

ತಂಗೀ,

ಕ್ಷೇಮವಾಗಿ ತಲುಪಿದೆ, ತರಬೇತಿ ಶುರುವಾಗಿದೆ. ನಿನ್ನೆ ಮಧ್ಯಾಹ್ನ ಆಫೀಸಿನವರೆಲ್ಲ ಸಿನಿಮಾಕ್ಕೆ ಹೋಗಿದ್ದೆವು. ನಾಲ್ಕು ಕಥೆ, ನಾಲ್ವರು ನಿರ್ದೇಶಕಿಯರು, ಎಲ್ಲವೂ ಹೆಣ್ಣಿನ ಮೈಯ ಆಸೆಯ ಬಗ್ಗೆ!

ಹೊರಬರುವ ಬಾಗಿಲಲ್ಲಿ ಎರಡು ಗಾಜಿನ ಭರಣಿ ಇಟ್ಟಿದ್ದರು. ಟಿಕೆಟ್ಟಿನ ಚೂರನ್ನು ‘ಇಷ್ಟವಾಯಿತು’ ಇಲ್ಲವೇ ‘ಇಷ್ಟವಾಗಲಿಲ್ಲ’ ಎಂಬುದರೊಳಗೆ ಹಾಕಬೇಕು. ಕೋಲೂರಿಕೊಂಡು ಬಂದ ಅಜ್ಜಿಯೊಬ್ಬರು ಮೊದಲನೆಯದಕ್ಕೆ ಹಾಕಿ, “ಮೂರನೇ ಕಥೆ ಬೇಗ ಮುಗಿಸಿಬಿಟ್ರಲ್ಲಮ್ಮ” ಎಂದರು. ನಮ್ಮ ಮೇಲಧಿಕಾರಿ, “ಛೀ, ಹೆಂಗಸರಾಗಿ ಇಂಥದ್ದು ತೆಗೀತಾರಾ?” ಎಂದು ಮುಖ ಸಿಂಡರಿಸಿದರು.

ನನಗೂ ಆ ಮೂರನೆಯದೇ ಹಿಡಿಸಿತ್ತು. ಗಂಡ ತನ್ನನ್ನು ಮುಟ್ಟುವುದೇ ಇಲ್ಲವೆಂದು ಹೆಂಡತಿಯೊಬ್ಬಳು ಬಾಯಿಬಿಟ್ಟು ಹೇಳುವ ಕಥೆ ಅದು. ಆದರೆ ಎಲ್ಲರೂ ನೋಡುತ್ತಿದ್ದರಲ್ಲ, ‘ಇಷ್ಟವಾಗಲಿಲ್ಲ’ಕ್ಕೆ ಹಾಕಿದೆ. ಭರಣಿಗಳ ಪಕ್ಕದಲ್ಲೇ ನಿಂತಿದ್ದ, ಆ ಮೂರನೇ ಕಥೆಯ ನಿರ್ದೇಶಕಿ, “ಬಂದ್ರಲ್ಲ, ಅದೇ ಸಂತೋಷ” ಎಂದು ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ.

ನೀನು ಗಂಡನ ಮನೆಯಿಂದ ಬಂದು ಇದೇ ಮಾತು ಹೇಳಿದ ದಿನವೂ ಎಲ್ಲರೂ ನನ್ನ ಮುಖವನ್ನೇ ನೋಡಿದ್ದರು. “ಇದೂ ಒಂದು ಕಾರಣಾನಾ? ಹೊಂದ್ಕೊಂಡು ಹೋಗು” ಎಂದವಳು ನಾನೇ. ನೀನು ಬ್ಯಾಗು ಎತ್ತಿಕೊಂಡು ಹೊರಟೆ. ಅಮ್ಮನ ಮನೆಗೆ ಮತ್ತೆ ಬರಲು ನಿನಗೆ ಆರು ವರ್ಷ ಹಿಡಿಯಿತು.

ಮಂಡಿನೋವಿಗೆ ಮಾತ್ರೆ ನುಂಗುತ್ತಿದ್ದೇನೆ, ಅಮ್ಮನಿಗೆ ಹೇಳು. ಇಲ್ಲಿ ಲಕೋಟೆಯೂ ಸಿಗುತ್ತಿತ್ತು, ಬೇಕೆಂದೇ ಕಾರ್ಡು ಕೊಂಡೆ. ಪೋಸ್ಟ್‌ಮ್ಯಾನ್ ಓದಿದರೆ ಓದಲಿ. ನೀನು ಇದನ್ನು ಅವತ್ತು ನಾವೆಲ್ಲ ಕೂತಿದ್ದ ನಡುಮನೆಯಲ್ಲೇ, ಎಲ್ಲರಿಗೂ ಕೇಳುವ ಹಾಗೆ ಓದು: ತಪ್ಪು ನಿನ್ನದಾಗಿರಲಿಲ್ಲ.

ಜಾಗ ಮುಗಿಯಿತು.
ಅಕ್ಕ