ಇಡೀ ಬುಟ್ಟಿ

ಸೊಸೆಗೆ,

ಈ ಕಾಗದವನ್ನು ನಾನು ಕಳಿಸುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನೀನು ಮುನಿಸಿಕೊಂಡು ತವರಿಗೆ ಹೋದ ಮೇಲೂ ತೋಟದವರ ತರಕಾರಿ ಬುಟ್ಟಿ ವಾರವಾರ ಬರುತ್ತಿದೆ. ಹೋದ ವಾರ ಬರೀ ಬೀಟ್‌ರೂಟ್. ಸೊಪ್ಪನ್ನು ಬೇಳೆಗೆ ಹಾಕಿದೆ, ದಂಟನ್ನು ಹುರಿದೆ. ಸಿಪ್ಪೆಯನ್ನು ನಿನ್ನ ಹಾಗೆ ಕುದಿಸಿ ಹಳೆಯ ದಿಂಬಿನ ಕವರಿಗೆ ಬಣ್ಣವನ್ನೂ ಹಾಕಿದೆ. ಪಾತ್ರೆಯಲ್ಲಿದ್ದಾಗ ಕೆಂಪಗೆ ಚೆನ್ನಾಗಿಯೇ ಇತ್ತು. ಒಂದು ಸಲ ಜಾಲಿಸಿದೆ ನೋಡು, ಮುಸುರೆ ನೀರಿನ ಬಣ್ಣಕ್ಕೆ ತಿರುಗಿತು. ಬಣ್ಣಕ್ಕೆಂದು ನೀನು ಈರುಳ್ಳಿ ಸಿಪ್ಪೆಯನ್ನೇ ಯಾಕೆ ಕೂಡಿಡುತ್ತಿದ್ದೆ ಎಂದು ಆಗ ತಿಳಿಯಿತು. "ಇದೇನು ಅಡುಗೆಮನೆನೋ, ಗುಜರಿ ಅಂಗಡಿನೋ" ಎಂದು ನಾನು ಅನ್ನುತ್ತಿದ್ದದ್ದು ಆ ಸಿಪ್ಪೆಯ ರಾಶಿ ನೋಡಿಯೇ. ನನಗೆ ಸೋತು ಅಭ್ಯಾಸವಿಲ್ಲ. ಕವರನ್ನು ಒಲೆ ಒರೆಸುವ ಬಟ್ಟೆ ಮಾಡಿಬಿಟ್ಟೆ.

ಇವತ್ತು ಬುಟ್ಟಿ ತರುವವನು ಬಾಗಿಲಲ್ಲೇ ನಿಂತು ಕೇಳಿದ: "ಸೊಸೆ ಇಲ್ವಲ್ಲಮ್ಮ, ಇನ್ಮೇಲೆ ಅರ್ಧ ಬುಟ್ಟಿ ಸಾಕಾ?"

"ಅವಳು ತವರಿಗೆ ಹೋಗಿದಾಳೆ ಅಷ್ಟೆ, ಮನೆ ಬಿಟ್ಟಿಲ್ಲ. ನೀನು ಇಡೀ ಬುಟ್ಟಿನೇ ತಾ."

"ಯಾವಾಗ ಬರ್ತಾರೆ?"

"ನಿನಗ್ಯಾಕೆ ಅದೆಲ್ಲ? ತರಕಾರಿ ಬಾಡುತ್ತೆ, ಒಳಗಿಡು" ಎಂದು ಗದರಿದೆ. ಅವನು ಬುಟ್ಟಿ ಒಳಗಿಟ್ಟು ಹೋದ.

ಅವನಿಗೆ ನಾನು ಹೇಳಿದ್ದು ನಿಜವೋ ಅಲ್ಲವೋ, ಅದನ್ನು ಹೇಳಬೇಕಾದವಳು ನೀನು. ಕೇಳುವುದಕ್ಕೆ ನನಗೆ ಬಾಯಿ ಬರುತ್ತಿಲ್ಲ.

ನಿನ್ನ ಅತ್ತೆ